ಹೊಸಿಲಿನಾಚೆ ಹನ್ನೆರಡು, ಈಚೆ ಆರು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮಗಳು ಬರುತ್ತಾಳೆ. ಗೇಟಿನ ಹತ್ತಿರ ಅವಳಿಗೆ ಹನ್ನೆರಡು ವರ್ಷ. ಕಿವಿಯ ಇಯರ್‌ಫೋನು ತೆಗೆದು ಬ್ಯಾಗಿಗೆ ತುರುಕಿ, ಬಾಗಿಲ ಪಕ್ಕದ ಗೂಟದಿಂದ ದೊಗಲೆ ಫ್ರಾಕು ತೆಗೆದುಕೊಂಡು, ಜಗಲಿಯ ಮೂಲೆಯಲ್ಲಿ ನಾನು ಕಟ್ಟಿಸಿರುವ ಮರೆಯ ಹಿಂದೆ ಹೋಗಿ ಹಾಕಿಕೊಂಡು ಬರುತ್ತಾಳೆ. ಆಮೇಲೆ ಹೊಸಿಲು ದಾಟುತ್ತಾಳೆ. ದಾಟಿದ ಮೇಲೆ ಅವಳಿಗೆ ಆರು ವರ್ಷ. ನಾನು ಮೊಣಕಾಲೂರಿ ಕೂತು ಫ್ರಾಕಿನ ಕತ್ತಿನ ಲಾಡಿ ಎಳೆದು ಬಿಗಿಯುತ್ತೇನೆ, ನೆಲ ಗುಡಿಸುವ ಅಂಚನ್ನು ಮೇಲಕ್ಕೆ ಮಡಚಿ ಪಿನ್ನು ಹಾಕುತ್ತೇನೆ. ಅಷ್ಟರೊಳಗೆ ಅವಳು ನನ್ನ ಮೀಸೆ ಎಳೆಯುವುದಕ್ಕೆ ಶುರು ಮಾಡಿರುತ್ತಾಳೆ.

ಹೊರಗೆ ಅವಳ ಹೆಸರು ಭೂಮಿಕಾ. ಒಳಗೆ ಚಿಟ್ಟಿ. ಹೊರಗೆ ನನಗೆ ‘ನೀವು’ ಅನ್ನುತ್ತಾಳೆ, ‘ಬಂದ್ರಾ’, ‘ಊಟ ಆಯ್ತಾ’ ಎಂದು ಯಾರೋ ಮೇಷ್ಟ್ರನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಾಳೆ. ಒಳಗೆ ಬಂದರೆ ‘ಅಪ್ಪಾ, ನೀನು ಆನೆ, ಬಗ್ಗು’ ಅನ್ನುತ್ತಾಳೆ. ಬೆನ್ನು ನೋವಿದ್ದರೂ ಬಗ್ಗುತ್ತೇನೆ. ಏಳು ವರ್ಷದಿಂದ ಪ್ರತಿ ಭಾನುವಾರ ಬಗ್ಗುತ್ತಲೇ ಇದ್ದೇನೆ. ಬೇರೆ ಅಪ್ಪಂದಿರು ಒಂದು ವರ್ಷ, ಎರಡು ವರ್ಷ ಆನೆಯಾಗಿ ಬಿಡುಗಡೆ ಹೊಂದುತ್ತಾರೆ. ನನಗೆ ಆ ಯೋಗವಿಲ್ಲ.

ನಮ್ಮೂರಲ್ಲಿ ಇದು ಹೀಗೇ. ಗಂಡ ಹೆಂಡತಿ ಬೇರೆಯಾದರೆ, ಮಗು ಬಿಟ್ಟುಹೋದ ಮನೆಯಲ್ಲಿ ಮಗುವಿನ ವಯಸ್ಸು ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಆ ಮನೆಗೆ ಬಂದು ಎಷ್ಟು ದಿನ ಕಳೆಯುತ್ತದೋ ಅಷ್ಟೇ ದಿನ ಅಲ್ಲಿ ಬೆಳೆಯುತ್ತದೆ. ಭೂಮಿಕಾ ಹೋಗುವಾಗ ಅವಳಿಗೆ ಐದು. ಆಮೇಲೆ ನನಗೆ ಸಿಕ್ಕಿದ್ದು ಭಾನುವಾರಗಳು, ಬೇಸಿಗೆ ರಜೆಯಲ್ಲಿ ಅರ್ಧ. ಅವನ್ನೆಲ್ಲ ಗುಡ್ಡೆ ಹಾಕಿದರೆ ಒಂದೂವರೆ ವರ್ಷ ಆದೀತು. ಹಾಗಾಗಿ ನನ್ನ ಮನೆಯಲ್ಲಿ ಅವಳ ಮುಂದಿನ ಹಲ್ಲು ಈಗ ಬಿದ್ದಿದೆ. ಅದು ಬಿದ್ದ ದಿನ ಜಗಲಿಗೆ ಓಡಿ ಬೀದಿಯವರಿಗೆ ತೋರಿಸುತ್ತೇನೆಂದು ಹೊರಟಳು. ಹೊಸಿಲು ದಾಟಿದ್ದೇ ಬಾಯಿ ತುಂಬ ಹಲ್ಲಿನ ದೊಡ್ಡ ಹುಡುಗಿ, ಯಾಕೆ ಓಡಿ ಬಂದೆನೆಂದು ತಿಳಿಯದೆ ನಿಂತಳು. ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಮನೆ ಬದಲಾಯಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಪ್ರಯತ್ನ ಮಾಡಿದ್ದಾರೆ. ಬಟ್ಟೆ ಅಂಗಡಿಯ ಕೊಟ್ರೇಶಿ ಒಂದೇ ವರ್ಷದಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದ. ಅಪ್ಪ ಹಾಸಿಗೆ ಹಾಸಿದ ಮನೆಯೇ ಅಪ್ಪನ ಮನೆ. ಹಾಸಿಗೆಯ ಜೊತೆ ವಯಸ್ಸೂ ಹೋಯಿತು. ಅವನ ಮಗ ಮೂರು ಮನೆಯಲ್ಲೂ ಚಡ್ಡಿ ಒದ್ದೆ ಮಾಡಿದ. ಈಗ ಕೊಟ್ರೇಶಿ ಸುಮ್ಮನಾಗಿದ್ದಾನೆ. ಎಲ್ಲರೂ ಒಂದಲ್ಲ ಒಂದು ದಿನ ಸುಮ್ಮನಾಗುತ್ತಾರೆ. ಬಾಗಿಲ ಪಕ್ಕದ ಗೂಟಕ್ಕೆ ಲಾಡಿಯ ಫ್ರಾಕೋ ಅಂಗಿಯೋ ನೇತಾಡುತ್ತಿದ್ದರೆ ಅಂಥವರ ಮನೆ ಎಂದು ಊರಿನವರಿಗೆ ತಿಳಿಯುತ್ತದೆ. ಹಾಲಿನವನು ಅಲ್ಲಿ ಶನಿವಾರ ಕೇಳದೆಯೇ ಅರ್ಧ ಲೀಟರ್ ಜಾಸ್ತಿ ಇಟ್ಟು ಹೋಗುತ್ತಾನೆ. ಕೆಲವು ಗೂಟಗಳ ಹಿಂದೆ ತಾಯಂದಿರೂ ಇದ್ದಾರೆ, ಆದರೆ ಕಡಿಮೆ. ಕೋರ್ಟು ಮಕ್ಕಳನ್ನು ಸಾಮಾನ್ಯವಾಗಿ ಯಾರಿಗೆ ಕೊಡುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ.

ಹೊರಗೆ ಭೇಟಿಯಾದರೆ ಈ ರಗಳೆಯೇ ಇಲ್ಲವಲ್ಲ ಎಂದು ನೀವು ಕೇಳಬಹುದು. ಬಸ್‌ಸ್ಟ್ಯಾಂಡಿನ ಕ್ಯಾಂಟೀನಿಗೆ ಒಂದು ಭಾನುವಾರ ಹೋಗಿ ನೋಡಿ. ಒಂದೊಂದು ಟೇಬಲ್ಲಿನಲ್ಲಿ ಒಬ್ಬೊಬ್ಬ ಅಪ್ಪ, ಎದುರಿಗೆ ಪೂರ್ತಿ ವಯಸ್ಸಿನ ಮಗನೋ ಮಗಳೋ. ಇಡ್ಲಿ ಬರುವ ತನಕ ಓದು ಹೇಗೆ ನಡೆದಿದೆ ಎಂದು ಕೇಳುತ್ತಾರೆ. ಇಡ್ಲಿ ಮುಗಿದ ಮೇಲೆ ಇನ್ನೇನು ಬೇಕು ಎಂದು ಕೇಳುತ್ತಾರೆ. ಏನೂ ಬೇಡ. ಆಮೇಲೆ ಇಬ್ಬರೂ ಗೋಡೆಯ ಗಡಿಯಾರ ನೋಡುತ್ತಾರೆ. ನಾನೂ ನಡುವೆ ಒಂದು ವರ್ಷ ನಾಲ್ಕೈದು ಸಲ ಹೋದೆ. ಎಣ್ಣೆ ವಾಸನೆಯ ನಡುವೆ ಅಪರಿಚಿತರ ಹಾಗೆ ಕೂರುವುದಕ್ಕಿಂತ ಮನೆಯಲ್ಲಿ ಆನೆಯಾಗುವುದೇ ಮೇಲು ಅನ್ನಿಸಿತು. ಮಗು ಮಗುವಾಗಿಯೇ ಇದ್ದರೆ ಕುತ್ತಿಗೆಗೆ ಜೋತುಬೀಳುತ್ತದೆ. ದಣಿದ ಮನುಷ್ಯನಿಗೆ ಅಷ್ಟು ಸಾಕು.

ನನ್ನ ಹೆಸರು ಪರಮೇಶಿ. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತೇನೆ. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಬೇರೆಯವರ ಮಕ್ಕಳ ಪಕ್ಕ ಕೂತಿರುತ್ತೇನೆ. ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅವರು ಕಾರನ್ನು ಎಮ್ಮೆಯ ಮೇಲೆ ಹತ್ತಿಸುವುದಕ್ಕೆ ಮುಂಚೆ ನಾನು ಅದನ್ನು ಒತ್ತಬೇಕು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ನನ್ನ ಬಗ್ಗೆ ಹೇಳುತ್ತಾರೆ. ಹದಿನೆಂಟು ತುಂಬಿದವರಿಗೆ ಕ್ಲಚ್ ಬಿಡುವುದನ್ನು ಹದಿನೆಂಟು ದಿನ ಕಲಿಸಿದರೆ ಯಾರ ಮೂಗಿಗಾದರೂ ಬರುತ್ತದೆ. ನನ್ನ ಹೆಂಡತಿಯಾಗಿದ್ದ ಸುಕನ್ಯಾ ಆ ಕೋಪವನ್ನು ಆರು ವರ್ಷ ಸಹಿಸಿದಳು, ಏಳನೆಯದಕ್ಕೆ ಸಾಕು ಅಂದಳು. ಫ್ಯಾನು ಎಷ್ಟರಲ್ಲಿ ತಿರುಗಬೇಕು ಎನ್ನುವುದರಿಂದ ಹಿಡಿದು ನನ್ನ ಅಕ್ಕನ ಮನೆಗೆ ಎಷ್ಟು ದಿನ ಹೋಗಬೇಕು ಎನ್ನುವವರೆಗೆ ನಾವು ಜಗಳವಾಡದ ವಿಷಯವಿರಲಿಲ್ಲ. ಅವಳು ಕೆಟ್ಟವಳಲ್ಲ. ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಮಗಳನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾಳೆ. ಚೆನ್ನಾಗಿ ನೋಡಿಕೊಳ್ಳುತ್ತಾಳಲ್ಲ ಎಂದು ಹೊಟ್ಟೆ ಉರಿಸಿಕೊಂಡ ದಿನಗಳೂ ನನಗೆ ಇವೆ.

ಎರಡು ತಿಂಗಳ ಹಿಂದಿನ ಒಂದು ಭಾನುವಾರ ಭೂಮಿಕಾ ಜಗಲಿಯ ಮೇಲೆ ನಿಂತು, ಫ್ರಾಕು ಹಾಕಿಕೊಂಡ ಮೇಲೂ ಒಳಗೆ ಬರಲಿಲ್ಲ. ಒಲೆಯ ಕಾವಲಿಯ ಮೇಲೆ ದೋಸೆ ಇತ್ತು. ಏನು ಎಂದು ಕೇಳಿದೆ. ಹೊಟ್ಟೆನೋವು ಅಂದಳು. ಒಳಗೆ ಬಾ, ಹೋಗುತ್ತೆ ಅಂದೆ. ಅದು ನಿಜವೇ. ನಮ್ಮೂರ ಅಪ್ಪಂದಿರೆಲ್ಲ ಅನ್ನುವ ಮಾತು ಅದು. ಹನ್ನೆರಡರ ಜ್ವರ ಆರು ವರ್ಷದ ಮೈಗೆ ಅಂಟುವುದಿಲ್ಲ, ಹೊರಗೆ ಮುರಿದ ಕೈ ಒಳಗೆ ನೆಟ್ಟಗಿರುತ್ತದೆ. ನನ್ನ ಭಾನುವಾರಗಳಲ್ಲಿ ಒಂದು ದಿನವೂ ಅವಳಿಗೆ ಹುಷಾರು ತಪ್ಪಿದ್ದಿಲ್ಲ ಎಂದು ನಾನು ಹೆಮ್ಮೆಪಟ್ಟದ್ದಿದೆ. ಅವಳು ಇನ್ನೂ ಏನೋ ಹೇಳುವುದಿದೆ ಎನ್ನುವ ಹಾಗೆ ನಿಂತೇ ಇದ್ದಳು. ದೋಸೆ ಸೀಯುತ್ತಿದ್ದ ವಾಸನೆ ಬಂತು. ಕೈ ಹಿಡಿದು ಒಳಗೆ ಎಳೆದುಕೊಂಡೆ.

ಚಿಟ್ಟಿಗೆ ಯಾವ ನೋವೂ ಇರಲಿಲ್ಲ. ದೋಸೆ ತಿಂದಳು, ಬೆಲ್ಲ ಬೇಕೆಂದು ಹಟ ಮಾಡಿದಳು, ಮಧ್ಯಾಹ್ನ ನನ್ನ ಹೊಟ್ಟೆಯ ಮೇಲೆ ಮಲಗಿ ನಿದ್ದೆ ಹೋದಳು. ಸಂಜೆ ಐದಕ್ಕೆ ಕಳಿಸಲು ಬಾಗಿಲಿಗೆ ಬಂದೆವು. ಹೊಸಿಲು ದಾಟಿದವಳು ಎರಡು ಹೆಜ್ಜೆ ಇಟ್ಟು ಜಗಲಿಯ ಕಂಬ ಹಿಡಿದು ಬಗ್ಗಿಬಿಟ್ಟಳು. ಬೆಳಿಗ್ಗೆ ಬಿಟ್ಟುಹೋದ ನೋವು ಜಗಲಿಯಲ್ಲೇ ಕಾದುಕೂತಿತ್ತು. ಮರೆಯ ಹಿಂದೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಈಚೆ ನಿಂತು ಏನಾಯಿತು ಏನಾಯಿತು ಅಂತ ಕೇಳುತ್ತಲೇ ಇದ್ದೆ. ಕೊನೆಗೆ ಅಳು ಬೆರೆತ ದನಿಯಲ್ಲಿ, ‘ಅಮ್ಮಂಗೆ ಫೋನ್ ಮಾಡಿ’ ಅಂದಳು.

ಸುಕನ್ಯಾ ಆಟೋದಲ್ಲಿ ಬಂದಳು. ಕೈಯಲ್ಲೊಂದು ಚೀಲ. ನನ್ನ ಕಡೆ ನೋಡದೆ ಮರೆಯ ಹಿಂದೆ ಹೋದಳು. ಒಳಗಿಂದ ಪಿಸುಮಾತು ಕೇಳಿಸಿತು, ಆಮೇಲೆ ಒಂದು ಸಣ್ಣ ನಗು. ಅಷ್ಟು ಹೊತ್ತಿಗೆ ನನಗೂ ಅರ್ಥವಾಗಿತ್ತು. ನನ್ನ ಮಗಳು ದೊಡ್ಡವಳಾಗಿದ್ದಳು, ನನ್ನದೇ ಜಗಲಿಯಲ್ಲಿ, ನಾನು ದೋಸೆ ಹಾಕುತ್ತಿದ್ದಾಗ. ಹೊರಡುವಾಗ ಸುಕನ್ಯಾ ನನ್ನ ಹತ್ತಿರ ಬಂದು ನಿಂತಳು. ‘ಬೆಳಿಗ್ಗೇನೇ ಹೇಳಿದ್ಲಂತೆ ನಿಮಗೆ,’ ಅಂದಳು. ಹೊಟ್ಟೆನೋವು ಅಂತ ಹೇಳಿದಳು, ಒಳಗೆ ಬಂದರೆ ಹೋಗುತ್ತೆ ಅಂದೆ, ಎಲ್ಲರೂ ಅನ್ನೋದೇ ಅದನ್ನ ಅಂತ ನಾನೂ ಹೇಳಿದೆ. ಅವಳು ಬೈಯುತ್ತಾಳೆಂದು ಕಾದಿದ್ದೆ. ಬೈಯಲಿಲ್ಲ. ತುಂಬಾ ಸುಸ್ತಾದವಳ ಹಾಗೆ ತಲೆಯಾಡಿಸಿ ಆಟೋ ಹತ್ತಿದಳು. ಬೈದಿದ್ದರೆ ಚೆನ್ನಾಗಿತ್ತು, ತಿರುಗಿ ಬೈದು ಹಗುರವಾಗುತ್ತಿದ್ದೆ.

ಮುಂದಿನ ತಿಂಗಳು ಅವಳೇ ಫೋನ್ ಮಾಡಿ, ವರ್ಗವಾಗಿದೆ ಎಂದಳು. ಒಂದು ಹಗಲು ರೈಲಿನಲ್ಲಿ ಕೂರಬೇಕಾದಷ್ಟು ದೂರದ ಊರು. ಅಲ್ಲಿಗೆ ಹೋದ ಮೇಲೆ ಭಾನುವಾರಗಳು ಇರುವುದಿಲ್ಲ, ರಜೆಗೆ ಕಳಿಸುತ್ತೇನೆ, ಅವಳು ಒಪ್ಪಿದರೆ, ಎಂದಳು. ಆ ‘ಒಪ್ಪಿದರೆ’ ನನ್ನ ಎದೆಗೆ ಚುಚ್ಚಿತು. ಭೂಮಿಕಾಗೆ ಹನ್ನೆರಡು ತುಂಬಿದೆ, ಕೋರ್ಟಿನಿಂದ ಕೇಳುವವರು ಬರಲಿ, ಕೇಳಲಿ ಎಂದೆ. ‘ಎಲ್ಲಿ ಕೇಳಿಸ್ತೀರಿ?’ ಅಂದಳು ಸುಕನ್ಯಾ. ನಾನು ಫೋನ್ ಇಟ್ಟೆ.

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಮಗುವಿಗೆ ಹನ್ನೆರಡಾದ ಮೇಲೆ ಯಾರ ಜೊತೆ ಇರುತ್ತೀ ಎಂದು ಕೋರ್ಟಿನ ಕಡೆಯಿಂದ ಒಬ್ಬರು ಬಂದು ಕೇಳುತ್ತಾರೆ. ಒಂದೇ ಸಲ ಕೇಳುತ್ತಾರೆ. ಆ ಮಾತು ಹದಿನೆಂಟರವರೆಗೆ ನಿಲ್ಲುತ್ತದೆ. ಎಲ್ಲಿ ಕೇಳಬೇಕು ಎನ್ನುವುದನ್ನು ಮಾತ್ರ ಭಾನುವಾರದ ಕಡೆಯವರು ಹೇಳಬಹುದು. ವಾರವೆಲ್ಲ ಒಬ್ಬರ ಹತ್ತಿರ ಇದ್ದ ಮಗು ಒಂದು ದಿನವಾದರೂ ಇನ್ನೊಬ್ಬರ ಮನೆಯಲ್ಲಿ ಮಾತಾಡಲಿ ಎಂದು ಹಿಂದೆ ಯಾರೋ ಪುಣ್ಯಾತ್ಮ ಜಡ್ಜು ಮಾಡಿಟ್ಟ ಪದ್ಧತಿ. ಅಪ್ಪಂದಿರೆಲ್ಲ ತಮ್ಮ ಮನೆಯೊಳಗೇ ಕೇಳಿಸುತ್ತಾರೆ. ಒಳಗೆ ಮಗು ಮೂರೋ ಐದೋ ಆರೋ ವರ್ಷದ್ದಾಗಿರುತ್ತದೆ. ಆ ವಯಸ್ಸಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪನ ಜೊತೆ ಇರ್ತೀಯಾ ಎಂದು ಕೇಳಿದರೆ ಏನು ಹೇಳುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಹಾಗೆ ಗೆದ್ದವರಲ್ಲಿ ನನ್ನ ಸ್ನೇಹಿತ ಮಲ್ಲಿನಾಥನೂ ಒಬ್ಬ. ಚಪ್ಪಲಿ ಅಂಗಡಿ ಇಟ್ಟಿದ್ದಾನೆ. ಒಂದು ಸಂಜೆ ಅವನ ಮನೆಗೆ ಹೋದೆ. ಅವನ ಮಗ ಪ್ರಫುಲ್ಲ ಈಗ ಪಿಯುಸಿ. ಮೀಸೆ ಮೂಡಿದೆ. ಜಗಲಿಯಲ್ಲಿ ಮೇಜು, ಕುರ್ಚಿ, ಟ್ಯೂಬ್‌ಲೈಟು, ಗೋಡೆಗೆ ಫ್ಯಾನು, ಮಳೆ ಎರಚಲಿಗೆ ತಾಡಪಾಲು, ಎಲ್ಲ ಮಾಡಿಸಿಟ್ಟಿದ್ದಾನೆ ಮಲ್ಲಿನಾಥ. ಕಾಲೇಜಿನಿಂದ ಬಂದ ಹುಡುಗ ಅಲ್ಲೇ ಕೂತು ಓದುತ್ತಾನೆ, ಯಾಕೆಂದರೆ ಒಳಗೆ ಅವನಿಗೆ ಒಂಬತ್ತು ವರ್ಷ, ಲೆಕ್ಕವೆಲ್ಲ ಮರೆತುಹೋಗುತ್ತದೆ. ಒಳಗೆ ಕೂತು ಮಲ್ಲಿನಾಥ ನನಗೆ ಬುದ್ಧಿ ಹೇಳಿದ. ತಲೆ ಕೆಡಿಸಿಕೊಳ್ಳಬೇಡ, ಒಳಗೇ ಕೇಳಿಸು, ನಾನು ಕೇಳಿಸಿದ್ದಕ್ಕೇ ಇವತ್ತು ಮಗ ಕಣ್ಣ ಮುಂದೆ ಇದ್ದಾನೆ, ಇಲ್ಲದಿದ್ದರೆ ಇವರಮ್ಮ ಎತ್ತಿಕೊಂಡು ಹೋಗಿರುತ್ತಿದ್ದಳು, ಎಂದ. ನಾನು ಹ್ಞೂಂ ಅಂದೆ. ಊಟದ ಹೊತ್ತಿಗೆ ಅವನು ಮಗನನ್ನು ಕೂಗಿದ. ಕಿಟಕಿಯಿಂದ ನನಗೆ ಹುಡುಗ ಕಾಣುತ್ತಿದ್ದ. ಫೋನಿನಲ್ಲಿ ಯಾರ ಜೊತೆಯೋ ನಗುತ್ತ ಮಾತಾಡುತ್ತಿದ್ದವನು, ಬಂದೆ ಅಂದು, ಪುಸ್ತಕ ಮುಚ್ಚಿ, ಅಂಗಿ ಬದಲಾಯಿಸಿ, ಹೊಸಿಲ ಮುಂದೆ ಬಂದು ನಿಂತ. ತಣ್ಣೀರಿಗೆ ಇಳಿಯುವವರ ಹಾಗೆ ಒಂದು ಸಲ ಉಸಿರು ಎಳೆದುಕೊಂಡ. ಆಮೇಲೆ ದಾಟಿದ. ಒಂಬತ್ತು ವರ್ಷದ ಹುಡುಗ ಓಡಿ ಬಂದು ಅಪ್ಪನ ಬೆನ್ನಿಗೆ ಬಿದ್ದ. ಮಲ್ಲಿನಾಥ ನೋಡಿದ್ಯಾ ಎನ್ನುವ ಹಾಗೆ ನನ್ನ ಕಡೆ ನೋಡಿ ನಕ್ಕ. ಅವನಿಗೆ ಕಿಟಕಿ ಬೆನ್ನ ಹಿಂದೆ ಇತ್ತು.

ಮನೆಗೆ ಬಂದ ಮೇಲೂ ನಾನು ಮನಸ್ಸು ಬದಲಾಯಿಸಲಿಲ್ಲ. ಒಳಗೇ ಕೇಳಿಸಿ ಎಂದು ಕೋರ್ಟಿಗೆ ಹೇಳಿ ಕಳಿಸಿದೆ. ಒಬ್ಬನೇ ಅನ್ನ ಮಾಡಿ ಒಬ್ಬನೇ ಉಣ್ಣುವ ಮನುಷ್ಯ ಬೇರೆ ಏನು ಮಾಡುತ್ತಾನೆ? ಪ್ರತಿದಿನ ಸಂಜೆ ಚಿಟ್ಟಿ ಮನೆಯಲ್ಲಿರುತ್ತಾಳೆ, ನಾನು ಬೀಗ ತೆಗೆಯಬೇಕಾಗಿಲ್ಲ, ಅಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಜಗಲಿಗೆ ಒಂದು ಟ್ಯೂಬ್‌ಲೈಟು ಹಾಕಿಸಿದರಾಯಿತು ಅಂದುಕೊಂಡೆ. ಎಲೆಕ್ಟ್ರಿಷಿಯನ್ ಹತ್ತಿರ ಮಾತಾಡಿಯೂ ಬಿಟ್ಟೆ.

ಕೇಳುವವರು ಬರುವುದಕ್ಕೆ ಹಿಂದಿನ ಭಾನುವಾರ ಭೂಮಿಕಾ ಬಂದು ಫ್ರಾಕನ್ನು ಕೈಯಲ್ಲೇ ಹಿಡಿದುಕೊಂಡು ಜಗಲಿಯ ಕಟ್ಟೆಯ ಮೇಲೆ ಕೂತಳು. ನಾನು ಹೊಸಿಲ ಒಳಗೆ ನಿಂತಿದ್ದೆ. ಬೇಗ ಬಾ, ಉಪ್ಪಿಟ್ಟು ಆರುತ್ತೆ ಅಂದೆ.

‘ಅಪ್ಪ, ಒಂದು ಮಾತು. ಒಳಗೆ ಬಂದ್ರೆ ಮರೆತುಹೋಗುತ್ತೆ, ಇಲ್ಲೇ ಹೇಳ್ತೀನಿ.’

‘ಹೇಳು.’

‘ಮುಂದಿನ ವಾರ ಅವಳನ್ನ ಕೇಳಬೇಡಿ. ನನ್ನ ಕೇಳಿ.’

ಅವಳು ಅಂದರೆ ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ. ಇಬ್ಬರೂ ನೀನೇ ಅಲ್ಲವಾ ಅಂದೆ. ಅವಳು ಫ್ರಾಕಿನ ಲಾಡಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ‘ಅವಳಿಗೆ ಏನು ಗೊತ್ತು? ಸ್ಕೂಲು ಗೊತ್ತಿಲ್ಲ, ನನ್ನ ಫ್ರೆಂಡ್ಸ್ ಗೊತ್ತಿಲ್ಲ. ಅವಳು ಹ್ಞೂಂ ಅಂದುಬಿಡ್ತಾಳೆ. ಆಮೇಲೆ ಆರು ವರ್ಷ ನಾನು ಇರಬೇಕು.’ ಪದ್ಧತಿ ಇರೋದೇ ಹಾಗೆ, ನಾನು ಮಾಡಿದ್ದಲ್ಲ, ನಿನಗೆ ಅಮ್ಮ ಹೇಳಿಕೊಟ್ಟು ಕಳಿಸಿದ್ದಾಳಾ ಅಂತ ಗದರಿದೆ. ಅವಳು ಎದ್ದು ಮರೆಯ ಹಿಂದೆ ಹೋಗಿ ಫ್ರಾಕು ಹಾಕಿಕೊಂಡು ಬಂದು, ನನ್ನ ಮುಖ ನೋಡದೆ ಹೊಸಿಲು ದಾಟಿದಳು. ಒಳಗೆ ಬಂದ ಚಿಟ್ಟಿಯ ಕಣ್ಣಲ್ಲಿ ನೀರಿತ್ತು. ಯಾಕಮ್ಮಾ ಅಳ್ತೀಯಾ ಅಂದೆ. ಗೊತ್ತಿಲ್ಲ ಅಂದಳು. ಕಣ್ಣು ಒರೆಸಿಕೊಂಡು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುವುದಕ್ಕೆ ಕೂತಳು.

ಆ ವಾರ ಡ್ರೈವಿಂಗ್ ಸ್ಕೂಲಿನಲ್ಲಿ ಎಲ್ಲರಿಗೂ ನನ್ನಿಂದ ಬೈಗುಳ ಸಿಕ್ಕಿತು. ಒಬ್ಬ ಹೆಂಗಸು, ನನಗಿಂತ ಹಿರಿಯರು, ಬೈಸಿಕೊಂಡು ಕಾರು ನಿಲ್ಲಿಸಿ ಇಳಿದು ಹೋಗಿಯೇ ಬಿಟ್ಟರು. ಚಿಟ್ಟಿಯನ್ನು ದಿನಾ ನೋಡಬೇಕು ಎನ್ನುವ ಆಸೆ ಒಂದು ಕಡೆ. ಹೊಸಿಲ ಮುಂದೆ ಉಸಿರು ಎಳೆದುಕೊಂಡ ಮಲ್ಲಿನಾಥನ ಮಗ ಒಂದು ಕಡೆ. ಅವರಿಬ್ಬರ ಮಧ್ಯೆ ಸಿಕ್ಕಿಕೊಂಡು ನಾನು ಹೈರಾಣಾದೆ. ನಾನು ಅಷ್ಟೇನೂ ದೊಡ್ಡ ಮನಸ್ಸಿನವನಲ್ಲ. ಭಾನುವಾರ ಬೆಳಿಗ್ಗೆ ಎದ್ದು ನೆಲ ಸಾರಿಸುವಾಗಲೂ ಒಳಗೇ ಕೇಳಿಸುವುದೆಂದೇ ಇದ್ದೆ. ಚಿಟ್ಟಿಗೆ ಇಷ್ಟವೆಂದು ಸಜ್ಜಿಗೆಯನ್ನೂ ಮಾಡಿದೆ. ಲಂಚ ಎನ್ನುವುದಾದರೆ ಲಂಚವೇ.

ಕೇಳುವವರ ಹೆಸರು ಕಾತ್ಯಾಯಿನಿ. ದಪ್ಪ ಕನ್ನಡಕ, ಹತ್ತಿ ಸೀರೆ, ಮಂಡಿ ನೋವಿರಬೇಕು, ಮೆಟ್ಟಿಲನ್ನು ಒಂದೊಂದಾಗಿ ಹತ್ತಿದರು. ಇಂಥ ಮನೆಗಳನ್ನು ಎಷ್ಟೋ ನೋಡಿದವರು. ನೇರ ಒಳಗೆ ಬಂದು ಕುರ್ಚಿಯಲ್ಲಿ ಕೂತು, ಸಜ್ಜಿಗೆಯ ವಾಸನೆ ಹಿಡಿದು ಸಣ್ಣಗೆ ನಕ್ಕರು. ಎಲ್ಲರ ಮನೆಯಲ್ಲೂ ಇವತ್ತು ಸಿಹಿ ಇರುತ್ತೆ ಅಂದರು. ಸ್ವಲ್ಪ ಹೊತ್ತಿಗೆ ಸುಕನ್ಯಾ ಮಗಳನ್ನು ಗೇಟಿನ ಹತ್ತಿರ ಬಿಟ್ಟು, ರಸ್ತೆಯ ಆಚೆ ಮರದ ಕೆಳಗೆ ನಿಂತಳು. ಅವಳು ಒಳಗೆ ಬರುವ ಹಾಗಿಲ್ಲ, ಅದೂ ಪದ್ಧತಿ. ಅಲ್ಲಿಂದ ನಮ್ಮ ಬಾಗಿಲಿನತ್ತ ನೋಡುತ್ತಿದ್ದಳು. ಅವಳ ಮುಖದಲ್ಲಿ ಜಗಳದ ಯಾವ ಗುರುತೂ ಇರಲಿಲ್ಲ. ಈಗಾಗಲೇ ಸೋತವಳ ಹಾಗಿದ್ದಳು.

ಭೂಮಿಕಾ ಜಗಲಿಗೆ ಬಂದಳು. ಗೂಟದಿಂದ ಫ್ರಾಕು ತೆಗೆದುಕೊಂಡಳು. ಮರೆಯ ಕಡೆ ತಿರುಗಿದವಳು ಹೊಸಿಲ ಮುಂದೆ ಒಂದು ಕ್ಷಣ ನಿಂತಳು. ಆಮೇಲೆ ಅವಳೂ ಆ ಹುಡುಗನ ಹಾಗೆಯೇ ಉಸಿರು ಎಳೆದುಕೊಂಡಳು. ಎಷ್ಟು ವರ್ಷದಿಂದ ಹಾಗೆ ಮಾಡುತ್ತಿದ್ದಳೋ. ನಾನು ಯಾವತ್ತೂ ದೋಸೆ, ಉಪ್ಪಿಟ್ಟು, ಗಡಿಯಾರ ನೋಡುತ್ತಿದ್ದೆನೇ ಹೊರತು ಅದನ್ನು ನೋಡಿರಲಿಲ್ಲ.

‘ಅದನ್ನ ಹಾಕ್ಕೋಬೇಡ,’ ಅಂದೆ.

ಕಾತ್ಯಾಯಿನಿಯವರ ಕಡೆ ತಿರುಗಿ, ಹೊರಗೆ ಬನ್ನಿ ಮೇಡಂ, ಜಗಲಿಯಲ್ಲೇ ಕೇಳಿ ಅಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಹಾಗೆ ಯಾರೂ ಕೇಳಿಸಿದ್ದಿಲ್ಲ, ಯೋಚನೆ ಮಾಡಿ, ಒಂದು ಸಲ ಹೇಳಿದ ಮೇಲೆ ತಿರುಗಿ ಕೇಳಲು ಬರುವುದಿಲ್ಲ ಅಂದರು. ಗೊತ್ತು ಅಂದೆ. ಕುರ್ಚಿಯನ್ನು ನಾನೇ ಎತ್ತಿಕೊಂಡು ಹೋಗಿ ಹೊರಗೆ ಇಟ್ಟೆ. ಸತ್ಯ ಹೇಳಬೇಕೆಂದರೆ ಆ ಹೊತ್ತಿಗೆ ನನ್ನೊಳಗೆ ಒಂದು ಆಸೆ ಹುಟ್ಟಿತ್ತು. ಅಪ್ಪ ನನ್ನ ಮಾತು ಕೇಳಿದರು ಎಂದು ಅವಳ ಮನಸ್ಸು ಕರಗುತ್ತದೆ, ಇಷ್ಟು ಮಾಡಿದ ಅಪ್ಪನನ್ನು ಬಿಟ್ಟು ಹೋಗುವುದಿಲ್ಲ ಅನ್ನುತ್ತಾಳೆ, ಎಂದು. ಕುರ್ಚಿ ಇಟ್ಟು ತಿರುಗುವ ಹೊತ್ತಿಗೆ ಆ ಆಸೆ ಬೆಳೆದು ದೊಡ್ಡದಾಗಿತ್ತು.

ಕಾತ್ಯಾಯಿನಿ ಕೂತು, ಯಾರ ಜೊತೆ ಇರುತ್ತೀಯಮ್ಮ ಎಂದು ಕೇಳಿದರು. ಭೂಮಿಕಾ ಫ್ರಾಕನ್ನು ಎದೆಗೆ ಅವಚಿಕೊಂಡು ನಿಂತಿದ್ದಳು.

‘ಅಮ್ಮನ ಜೊತೆ ಹೋಗ್ತೀನಿ.’

ಕಾರಣ ಹೇಳಲೇಬೇಕೆಂದಿಲ್ಲ, ಹೇಳಬೇಕು ಅನ್ನಿಸಿದರೆ ಹೇಳಬಹುದು ಎಂದರು ಅವರು. ನಾನು ಕಂಬ ಹಿಡಿದುಕೊಂಡೆ. ಭೂಮಿಕಾ ನನ್ನ ಕಡೆಗೇ ತಿರುಗಿ ಹೇಳಿದಳು.

‘ಅಪ್ಪ ಒಳ್ಳೇವ್ರೇ. ಆದ್ರೆ ಒಳಗೆ ಆಗಿದ್ದು ನಂಗೆ ಸರಿಯಾಗಿ ನೆನಪಿರಲ್ಲ. ಮನೆಗೆ ಹೋದ್ಮೇಲೆ ಏನು ಮಾಡಿದೆ ಅಂತ ಅಮ್ಮ ಕೇಳ್ತಾಳೆ. ಏನೋ ಬಿಸಿಬಿಸಿ ತಿಂದೆ, ಯಾರೋ ನಗಿಸಿದ್ರು, ಅಷ್ಟೇ ಹೇಳೋಕಾಗೋದು. ಏಳು ವರ್ಷದಿಂದ ಬರ್ತಿದೀನಿ. ನಿಮ್ಮ ಹತ್ರ ನಾನು ಇದ್ದಿದ್ದು ಗೇಟಿಂದ ಹೊಸಿಲವರೆಗೆ ಅಷ್ಟೇ ಅಪ್ಪ.’

ಕಾತ್ಯಾಯಿನಿ ಎದ್ದರು. ಮೆಟ್ಟಿಲು ಇಳಿಯುವಾಗ ಆಸರೆಗೆಂದು ನನ್ನ ಭುಜದ ಮೇಲೆ ಕೈ ಇಟ್ಟರು, ಇಳಿದ ಮೇಲೂ ಸ್ವಲ್ಪ ಹೊತ್ತು ತೆಗೆಯಲಿಲ್ಲ. ರಸ್ತೆ ದಾಟಿ ಹೋಗಿ ಮರದ ಕೆಳಗಿದ್ದ ಸುಕನ್ಯಾಗೆ ಏನೋ ಹೇಳಿದರು. ಸುಕನ್ಯಾ ಬಾಯಿಗೆ ಸೆರಗು ಒತ್ತಿಕೊಂಡು ನನ್ನ ಕಡೆ ನೋಡಿದಳು. ಓಡಿ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡೆ. ಅವಳು ಸಂಜೆ ಬರುತ್ತೇನೆ ಎಂದು ಕೈಸನ್ನೆ ಮಾಡಿ ಹೊರಟುಹೋದಳು. ಅಷ್ಟಾದರೂ ನನಗೆ ಅವಳ ಮೇಲೆ ಕೋಪ ಬರಲಿಲ್ಲ. ಕೋಪ ಬರುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. ಕಟ್ಟೆಯ ಮೇಲೆ ಕುಸಿದು ಕೂತೆ. ಹನ್ನೆರಡು ವರ್ಷದ ಹುಡುಗಿಯ ಎದುರು ಅಳಬಾರದೆಂದು ಬೀದಿಯ ಕಡೆ ಮುಖ ಮಾಡಿದೆ.

ಭೂಮಿಕಾ ಅಲ್ಲೇ ನಿಂತಿದ್ದಳು. ‘ಒಳಗೆ ಬರ್ಲಾ? ಐದು ಗಂಟೆವರೆಗೂ ಟೈಮಿದೆ,’ ಅಂದಳು. ಕೈಯಲ್ಲಿ ಫ್ರಾಕು ಸಿದ್ಧವಾಗಿಯೇ ಇತ್ತು. ಅವಳು ನನಗೆ ಏನನ್ನು ಕೊಡುತ್ತಿದ್ದಾಳೆ ಎಂದು ತಿಳಿದೇ ಕೇಳಿದ್ದಳು. ಒಂದು ಹೆಜ್ಜೆ ಒಳಗಿಟ್ಟರೆ ಚಿಟ್ಟಿ ಬರುತ್ತಾಳೆ. ಹೊರಗೆ ಏನಾಯಿತು ಎನ್ನುವುದು ಅವಳಿಗೆ ಗೊತ್ತೇ ಇರುವುದಿಲ್ಲ. ಸಜ್ಜಿಗೆ ತಿಂದು, ಬೆನ್ನೇರಿ, ಹೊಟ್ಟೆಯ ಮೇಲೆ ಮಲಗುತ್ತಾಳೆ. ಇನ್ನು ಬೇಸಿಗೆಯವರೆಗೆ ಅವಳಿಲ್ಲ. ಬೇಸಿಗೆಗೆ ಬರುತ್ತಾಳೆ ಎಂದೂ ಖಾತ್ರಿಯಿಲ್ಲ. ಅವಳ ಕೂದಲ ವಾಸನೆ ಮೂಗಿಗೆ ಬಂದ ಹಾಗಾಯಿತು. ನನ್ನ ಇಡೀ ಮೈ ಹ್ಞೂಂ ಅನ್ನು ಅಂದಿತು.

‘ಬೇಡ. ನೀನೇ ಇರು,’ ಅಂದೆ.

ಅವಳು ಫ್ರಾಕನ್ನು ಮಡಚಿ ಬದಿಗಿಟ್ಟು, ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು. ಇಬ್ಬರ ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ ಇತ್ತು. ಏನು ಮಾತಾಡುವುದು? ನನಗೆ ಗೊತ್ತಿದ್ದ ಪ್ರಶ್ನೆಗಳೆಲ್ಲ ಚಿಟ್ಟಿಯವು. ಹಲ್ಲು ಎಲ್ಲಿ ಹೋಯ್ತು, ಆನೆ ಬೇಕಾ ಕುದುರೆ ಬೇಕಾ. ಯಾವ ವಿಷಯ ಇಷ್ಟ ನಿನಗೆ ಎಂದು ಕೇಳಿದೆ. ಜೀವಶಾಸ್ತ್ರ ಅಂದಳು. ಅಮ್ಮನ ಹಾಗೆ ಲ್ಯಾಬಾ ಅಂದೆ. ಅಲ್ಲ, ಹಾವು ಅಂದಳು. ಹಾವಾ ಅಂದೆ. ಹಾವಿನ ಬಗ್ಗೆ ಓದಬೇಕು ಅಂತಿದೆ, ಅಮ್ಮನಿಗೆ ಇನ್ನೂ ಹೇಳಿಲ್ಲ, ಹೆದರಿಕೊಳ್ಳುತ್ತಾಳೆ ಅಂದಳು. ಬೀದಿಯಲ್ಲಿ ತರಕಾರಿ ಗಾಡಿ ಹೋಯಿತು. ಹಾಲು ಕುಡಿಯುತ್ತೀಯಾ ಎಂದು ಕೇಳಲು ಬಾಯಿ ತೆರೆದವನು ತಡೆದು, ಕಾಫಿ ಕುಡಿಯುತ್ತೀಯಾ ಎಂದು ಕೇಳಿದೆ. ಕುಡಿಯುತ್ತೇನೆ, ಈ ವರ್ಷದಿಂದ ಅಮ್ಮ ಕುಡಿಯಲು ಬಿಡುತ್ತಾಳೆ ಅಂದಳು.

ಒಳಗೆ ಹೋಗಿ ಒಲೆ ಹಚ್ಚಿದೆ. ಹಾಲು ಉಕ್ಕಿತು, ಡಿಕಾಕ್ಷನ್ ಬೆರೆಸಿದೆ, ಸಕ್ಕರೆ ಡಬ್ಬಿ ತೆಗೆದೆ. ಚಮಚ ಕೈಯಲ್ಲಿ ಹಿಡಿದು ನಿಂತೆ, ಎಷ್ಟು ಹಾಕಬೇಕೆಂದು ಗೊತ್ತಿರಲಿಲ್ಲ. ಅಡುಗೆಮನೆಯಿಂದಲೇ ಕೂಗಿ ಕೇಳಿದೆ.

‘ಅರ್ಧ ಚಮಚ ಸಾಕಪ್ಪ,’ ಎಂದು ಜಗಲಿಯಿಂದ ಕೂಗಿದಳು ಭೂಮಿಕಾ. ಹನ್ನೆರಡು ವರ್ಷದ ಆ ದನಿ ನನ್ನ ಅಡುಗೆಮನೆಯ ತನಕ ಬಂದದ್ದು ಅದೇ ಮೊದಲ ಸಲ.